ಅಡಿಕೆಗೆ ಮಳೆಗೆ ಮೊದಲೇ ಮದ್ದು, ಹಲ್ಲಿಗೆ ಯಾವಾಗ?



ಮೇ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಒಂದೇ ಮಾತು. ಮದ್ದು ಬಿಡುವವರು ಸಿಕ್ಕಿದರೇ? ಮೈಲುತುತ್ತಿಗೆ ಈ ಸಲ ಕ್ರಯ ಎಷ್ಟು? 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ಶಾಲೆಯ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ. ಮರದಲ್ಲಿ ಕೊಳೆತ ಕಾಯಿ ಒಂದೂ ಕಾಣದಿರುವಾಗಲೇ ನಾವು ಹಣ ಖರ್ಚು ಮಾಡುತ್ತೇವೆ. ಏಕೆ? ಕಾಯಿ ಉದುರತೊಡಗಿದ ಮೇಲೆ ಮದ್ದು ಬಿಟ್ಟರೆ ಉದುರಿದ್ದು ಮರಳಿ ಗೊನೆಗೆ ಅಂಟುವುದಿಲ್ಲವೆಂದು ನಮಗೆ ಗೊತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆ ಬೆಳೆಗಾರರಿಗೆ ಕಲಿಸಿಕೊಟ್ಟ ಈ ಪಾಠ ಇಂದು ನಮಗೆ ರಕ್ತಗತವಾಗಿದೆ.

ಆದರೆ ಅದೇ ತೋಟದ ಯಜಮಾನರ ದವಡೆ ಹಲ್ಲಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡರೆ ಏನು ಮಾಡುತ್ತಾರೆ? "ನೋವಿಲ್ಲವಲ್ಲ, ಮತ್ತೆ ನೋಡುವ" ಎನ್ನುತ್ತಾರೆ. ಮತ್ತೆ ಎಂದರೆ ಯಾವಾಗ? ಅಡಿಕೆ ಸುಲಿದಾದ ಮೇಲೆ, ಮಗಳ ಮದುವೆ ಮುಗಿದ ಮೇಲೆ, ಮಳೆ ಬಿಟ್ಟ ಮೇಲೆ. ಕೊನೆಗೆ ಒಂದು ರಾತ್ರಿ ಕೆನ್ನೆ ಊದಿಕೊಂಡು, ಗೋಡೆಗೆ ತಲೆ ಚಚ್ಚಿಕೊಳ್ಳುವಂಥ ನೋವು ಬಂದ ಮೇಲೆ!

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಲ್ಲುನೋವು ಹುಳುಕಿನ ಆರಂಭವಲ್ಲ. ಹುಳುಕು ಬಹಳ ಮುಂದೆ ಹೋಗಿದೆ ಎಂಬುದರ ಸೂಚನೆ ಅದು. ನೋವು ಬರಲಿ ಎಂದು ಕಾಯುವವರು ಸುಲಭದ, ಕಡಿಮೆ ಖರ್ಚಿನ ಚಿಕಿತ್ಸೆಯ ಕಾಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಆದ್ದರಿಂದ ಹಲ್ಲಿಗೂ ನೋವಿಗೆ ಮೊದಲೇ ಮದ್ದಾಗಬೇಕು.

ಹಲ್ಲಿನಲ್ಲಿ ಹುಳು ಇದೆಯೇ?

'ಹುಳುಕು' ಎಂಬ ಶಬ್ದವೇ ಹುಳದಿಂದ ಬಂದದ್ದು. ನಮ್ಮ ಹಿರಿಯರಷ್ಟೇ ಅಲ್ಲ, ಲೋಕದ ಅನೇಕ ದೇಶಗಳ ಜನರೂ ಸಾವಿರಾರು ವರ್ಷ ಹಲ್ಲಿನೊಳಗೆ ಹುಳು ಕೂತು ಕೊರೆಯುತ್ತದೆ ಎಂದೇ ನಂಬಿದ್ದರು. ಕಾಡುಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಹಿಡಿಸಿ, ಹುಳು ಉದುರಿತು ಎಂದು ತೋರಿಸುವವರಿದ್ದರು. ಆ ಉದುರಿದ್ದು ಹಲ್ಲಿನ ಹುಳುವಲ್ಲ. 1728ರಲ್ಲೇ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ ತನ್ನ ಗ್ರಂಥದಲ್ಲಿ ಹಲ್ಲಿನ ಹುಳದ ಮಾತನ್ನು ಅಲ್ಲಗಳೆದರು. 1890ರಲ್ಲಿ ಡಬ್ಲ್ಯೂ. ಡಿ. ಮಿಲ್ಲರ್ ಎಂಬ ವಿಜ್ಞಾನಿ, ಬಾಯಿಯಲ್ಲಿರುವ ಸೂಕ್ಷ್ಮಾಣುಜೀವಿಗಳು ಸಿಹಿ ಮತ್ತು ಹಿಟ್ಟಿನ ಪದಾರ್ಥಗಳನ್ನು ಹುಳಿಯಾಗಿಸಿ ಆ ಆಮ್ಲದಿಂದ ಹಲ್ಲನ್ನು ಕರಗಿಸುತ್ತವೆ ಎಂದು ತಿಳಿಸಿದರು.

ಇಂದಿಗೂ ಮೂಲ ವಿಷಯ ಅದೇ. ಹಲ್ಲಿನ ಮೇಲೆ ಅಂಟಂಟಾದ ಬಿಳಿ ಪದರವೊಂದು ಕೂತಿರುತ್ತದೆ. ನಾವು ಸಕ್ಕರೆ, ಬೆಲ್ಲ, ಬಿಸ್ಕತ್ತು ಏನೇ ತಿಂದರೂ ಆ ಪದರದಲ್ಲಿರುವ ಜೀವಾಣುಗಳಿಗೂ ಒಂದು ಊಟ. ತಿಂದ ಕೆಲವೇ ನಿಮಿಷಗಳಲ್ಲಿ ಅವು ಆಮ್ಲವನ್ನು ಹುಟ್ಟಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚದಿಂದ ಸುಣ್ಣದ ಅಂಶವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ದೇವರು ನಮ್ಮ ಬಾಯಲ್ಲಿ ಇಟ್ಟಿರುವ ಜೊಲ್ಲು ಸುಮ್ಮನೆ ಇಲ್ಲ. ಅದು ಆಮ್ಲವನ್ನು ತೊಳೆದು, ಕರಗಿದ ಸುಣ್ಣವನ್ನು ಮತ್ತೆ ಹಲ್ಲಿಗೆ ತುಂಬುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಬೆಳಗ್ಗೆ ಸಿಹಿ ಚಹಾ, ಹತ್ತಕ್ಕೆ ಬನ್ನು, ಹನ್ನೊಂದಕ್ಕೆ ಮಿಠಾಯಿ, ನಾಲ್ಕಕ್ಕೆ ಮತ್ತೆ ಚಹಾ ಬಿಸ್ಕತ್ತು ಎಂದು ಬಾಯಾಡಿಸುತ್ತಲೇ ಇದ್ದರೆ ಜೊಲ್ಲು ಕಟ್ಟಿದ್ದನ್ನು ಆಮ್ಲ ಕೆಡವುತ್ತಲೇ ಇರುತ್ತದೆ. ಆದುದರಿಂದ ಸಿಹಿ ಎಷ್ಟು ತಿಂದೆವು ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಬೆಲ್ಲ ಹಳ್ಳಿಯದ್ದು, ಅದರಿಂದ ತೊಂದರೆ ಇಲ್ಲ ಎಂಬ ಮಾತು ಹಲ್ಲಿನ ಮಟ್ಟಿಗೆ ಸರಿಯಲ್ಲ.

ನೋವು ಏಕೆ ತಡವಾಗಿ ಬರುತ್ತದೆ?

ಹಲ್ಲಿಗೆ ಮೂರು ಭಾಗ. ಹೊರಗಿನ ಕವಚ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು, ಆದರೆ ಅದರಲ್ಲಿ ನರವಿಲ್ಲ. ಒಳಗೆ ಸ್ವಲ್ಪ ಮೆದುವಾದ ಪದರ. ಅದಕ್ಕೂ ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು.

ಹುಳುಕು ಕವಚದಲ್ಲಿರುವಾಗ ಕಾಣುವುದು ಸುಣ್ಣ ಬಳಿದಂತಹ ಒಂದು ಬಿಳಿ ಮಚ್ಚೆ ಮಾತ್ರ. ನೋವು ಇರುವುದೇ ಇಲ್ಲ. ಈ ಹಂತದಲ್ಲಿ ಕೊರೆಯುವುದು ಬೇಡ, ತುಂಬಿಸುವುದು ಬೇಡ. ಫ್ಲೋರೈಡ್ ಇರುವ ಪೇಸ್ಟಿನಿಂದ ಚೆನ್ನಾಗಿ ಉಜ್ಜಿ, ಸಿಹಿ ತಿನ್ನುವ ಸರದಿಯನ್ನು ಕಡಿಮೆ ಮಾಡಿ, ವೈದ್ಯರಿಂದ ಫ್ಲೋರೈಡ್ ಲೇಪ ಹಚ್ಚಿಸಿಕೊಂಡರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಎರಡನೆಯ ಪದರಕ್ಕೆ ಇಳಿದ ಮೇಲೆ ತಣ್ಣೀರು ಅಥವಾ ಸಿಹಿ ತಾಗಿದಾಗ ಜುಮ್ಮೆನ್ನುತ್ತದೆ. ಆಗ ಹುಳುಕನ್ನು ತೆಗೆದು ಹಲ್ಲು ತುಂಬಿಸಬೇಕು. ಹೆಚ್ಚಾಗಿ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ. ತಿರುಳನ್ನು ತಲುಪಿದ ಮೇಲೆಯೇ ರಾತ್ರಿ ನಿದ್ದೆ ಕೆಡಿಸುವ ಮಿಡಿಯುವ ನೋವು. ಆಗ ಉಳಿಯುವುದು ಎರಡೇ ದಾರಿ: ಹಲವು ಭೇಟಿ, ಹೆಚ್ಚು ಹಣ ಬೇಡುವ ರೂಟ್ ಕೆನಾಲ್ ಮತ್ತು ಕ್ಯಾಪ್, ಇಲ್ಲವೇ ಹಲ್ಲು ತೆಗೆಸುವುದು.

ತೆಂಗಿನ ಮರದ ಕೆಂಪುಮೂತಿ ಹುಳುವನ್ನು ನೆನೆಸಿಕೊಳ್ಳಿ. ಅದು ಒಳಗೇ ತಿನ್ನುತ್ತದೆ. ಸುಳಿ ಬಾಗಿದ್ದು ನಮ್ಮ ಕಣ್ಣಿಗೆ ಬೀಳುವಾಗ ತಿರುಳು ಮುಗಿದಿರುತ್ತದೆ. ಎರಡು ಹಲ್ಲುಗಳ ನಡುವೆ ಆಗುವ ಹುಳುಕೂ ಹಾಗೆಯೇ. ಕನ್ನಡಿಯಲ್ಲಿ ನೋಡಿದರೆ ಹಲ್ಲು ಹೊಳೆಯುತ್ತಿರುತ್ತದೆ, ಒಳಗೆ ಪೊಳ್ಳು.

ಇನ್ನೊಂದು ಮೋಸವಿದೆ. ಕೆಲವೊಮ್ಮೆ ವಿಪರೀತವಾಗಿದ್ದ ನೋವು ತಾನಾಗಿ ನಿಂತುಹೋಗುತ್ತದೆ. ಲವಂಗ ಇಟ್ಟದ್ದರಿಂದ ಗುಣವಾಯಿತು ಎಂದು ನಾವು ಸಂತೋಷಪಡುತ್ತೇವೆ. ನಿಜವಾಗಿ ಆದದ್ದೇನು? ನರ ಸತ್ತಿದೆ. ಇನ್ನು ಸೋಂಕು ಬೇರಿನ ತುದಿಗೆ ಇಳಿದು ಸದ್ದಿಲ್ಲದೆ ಕೀವು ಕಟ್ಟುತ್ತದೆ. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ ಎಂಬುದು ಸತ್ಯ. ಆದರೆ ಅದು ಹುಳುಕನ್ನು ಗುಣಪಡಿಸುವುದಿಲ್ಲ. ಹಲ್ಲಿನ ಗುಳಿಯಲ್ಲಿ ಹೊಗೆಸೊಪ್ಪು ತುರುಕುವುದಂತೂ ಒಂದು ರೋಗಕ್ಕೆ ಇನ್ನೊಂದನ್ನು ಸೇರಿಸಿದಂತೆ. ಬಾಯಿಯ ಕ್ಯಾನ್ಸರಿಗೆ ಅದೇ ದಾರಿ. ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿದರೆ ಬಾವು ಇಳಿಯಬಹುದು, ಆದರೆ ಕೆಟ್ಟ ಹಲ್ಲು ಅಲ್ಲೇ ಇದೆ. ಬಾವು ಮತ್ತೆ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ.

ಹಲ್ಲಿನ ಕೀವಿನಿಂದ ಪ್ರಾಣಕ್ಕೆ ಅಪಾಯವೇ ಎಂದು ಕೇಳುವವರಿದ್ದಾರೆ. ಹೌದು, ಆಗಬಹುದು. ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯ ಅಡಿಗೆ, ಕುತ್ತಿಗೆಗೆ ಹರಡಿದರೆ ಉಸಿರಾಟದ ದಾರಿಯೇ ಮುಚ್ಚಬಹುದು. ದವಡೆಯ ಕೆಳಗೆ ಬಾವು, ಜ್ವರ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ, ಕೃತಕ ಕವಾಟ ಹಾಕಿಸಿಕೊಂಡವರಿಗೆ ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೆ ತಗಲುವ ಭಯವಿದೆ. ಸಕ್ಕರೆ ಕಾಯಿಲೆಯವರಿಗೆ ಬಾಯಲ್ಲಿ ಕೀವಿದ್ದರೆ ರಕ್ತದ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಇಂಥವರು ಹಲ್ಲಿನ ವೈದ್ಯರಿಗೆ ತಮ್ಮ ಕಾಯಿಲೆಯನ್ನು ಮೊದಲೇ ತಿಳಿಸಬೇಕು.

ಹಾಲುಹಲ್ಲು ಬೀಳುವುದೇ ಅಲ್ಲವೇ?

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. "ಹಾಲುಹಲ್ಲು ಹೇಗೂ ಬೀಳುತ್ತದೆ, ಅದಕ್ಕೆ ಹಣ ಹಾಕುವುದು ಏಕೆ?" ಎಂದು ನೀವು ಕೇಳುತ್ತೀರಿ. ಹಾಲುಹಲ್ಲು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ಹಾಲುದವಡೆಗಳು 10-12 ವರ್ಷದವರೆಗೂ ಇರಬೇಕಾದವು. ಮಗು ಅಗಿದು ತಿಂದು ಬೆಳೆಯುವುದು ಅವುಗಳಿಂದಲೇ. ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾದಿರಿಸುವುದೂ ಅವೇ. ಅವು ಮೊದಲೇ ಹೋದರೆ ಅಕ್ಕಪಕ್ಕದ ಹಲ್ಲು ಸರಿದು, ಹೊಸ ಹಲ್ಲು ವಕ್ರವಾಗಿ ಬರುತ್ತದೆ. ಹಲ್ಲುನೋವಿನ ಮಗು ಸರಿಯಾಗಿ ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ತರಗತಿಯಲ್ಲಿ ಮಂಕಾಗಿ ಕೂರುತ್ತದೆ. ನಾವು ಅದನ್ನು ಸೋಮಾರಿತನ ಎಂದು ಗದರಿಸುತ್ತೇವೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸುಮಾರು 6ನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದೊಂದು ಹೊಸ ದವಡೆ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಇದೂ ಹಾಲುಹಲ್ಲು ಎಂದು ಹೆತ್ತವರು ತಿಳಿಯುತ್ತಾರೆ. ಅಲ್ಲ! ಅದು ಜೀವಮಾನ ಪೂರ್ತಿ ಇರಬೇಕಾದ ಹಲ್ಲು. ಅದರ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುವುದರಿಂದ ಬೇಗನೆ ಹುಳುಕಾಗುತ್ತದೆ. ಒಂದನೇ ತರಗತಿಗೆ ಸೇರುವ ಮಗುವಿನ ಬಾಯಿಯನ್ನು ಬೆಳಕಿನಲ್ಲಿ ತೆರೆದು ನೋಡಿ. ಆ ಹಲ್ಲಿನ ಗೀರುಗಳನ್ನು ಮುಚ್ಚುವ ಲೇಪವೂ ವೈದ್ಯರಲ್ಲಿದೆ. ನೋವಿಲ್ಲದ, ಕೊರೆಯದ ಕೆಲಸ.

ಶಿಶುವಿನ ಬಾಯಲ್ಲಿ ಸಿಹಿ ಹಾಲಿನ ಬಾಟಲಿಯನ್ನಿಟ್ಟು ಮಲಗಿಸುವುದು ಬೇಡ. ಬೆಲ್ಲದ ರಾಗಿ ಮಣ್ಣಿ ತಿನ್ನಿಸಿದ ಮೇಲೆ ಬಾಯಿ ಒರೆಸಿ. ಮೊದಲ ಹಲ್ಲು ಬಂದಂದಿನಿಂದಲೇ ಉಜ್ಜಲು ತೊಡಗಿ. 3 ವರ್ಷದೊಳಗಿನ ಮಗುವಿಗೆ ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರೆಗೆ ಬಟಾಣಿಯಷ್ಟು ಸಾಕು. ಉಗುಳಲು ಕಲಿಸಿ. ರಾತ್ರಿ ಮಲಗುವ ಮೊದಲು ಉಜ್ಜಿಸುವುದನ್ನು ತಪ್ಪಿಸಬೇಡಿ, ಏಕೆಂದರೆ ನಿದ್ರೆಯಲ್ಲಿ ಜೊಲ್ಲು ಕಡಿಮೆ. ದೊಡ್ಡವರೂ ದಿನಕ್ಕೆ ಎರಡು ಸಲ ಉಜ್ಜಬೇಕು. ಉಮಿಕರಿ, ಮಾವಿನೆಲೆಗಳಿಂದ ನಮ್ಮ ಅಜ್ಜ ಅಜ್ಜಿಯರು ಹಲ್ಲು ಉಜ್ಜಿದರು. ಅವರು ಇಂದಿನಷ್ಟು ಸಕ್ಕರೆ ತಿನ್ನಲಿಲ್ಲ ಎಂಬುದನ್ನು ಮರೆಯಬಾರದು. ಉಮಿಕರಿಯಲ್ಲಿ ಹಲ್ಲನ್ನು ಗಟ್ಟಿಮಾಡುವ ಫ್ಲೋರೈಡ್ ಇಲ್ಲ, ತರಿತರಿಯಾದ ಪುಡಿ ಕವಚವನ್ನು ಸವೆಸುತ್ತದೆ.

ಈ ರೋಗ ಎಷ್ಟು ವ್ಯಾಪಕ ಎಂದರೆ, 2002-03ರಲ್ಲಿ ಭಾರತದಾದ್ಯಂತ ನಡೆದ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ಶೇಕಡಾ 51.9, 15 ವರ್ಷದವರಲ್ಲಿ ಶೇಕಡಾ 63.1 ಮಂದಿಗೆ ಹುಳುಕು ಹಲ್ಲು ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಹುಳುಕಿದೆ. ಎಲ್ಲರಿಗೂ ಇದೆ ಎಂದ ಮಾತ್ರಕ್ಕೆ ಇದು ಸಹಜ ಎಂದು ತಿಳಿಯಬಾರದು. ಕೊಳೆರೋಗ ಎಲ್ಲಾ ತೋಟಗಳಿಗೂ ಬರುತ್ತದೆ ಎಂದು ನಾವು ಮದ್ದು ಬಿಡದೆ ಕೂರುತ್ತೇವೆಯೇ?

ಭಯ, ಖರ್ಚು ಮತ್ತು ದೂರ

ಜನರು ಹೇಳುವ ಆಕ್ಷೇಪಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಮೊದಲನೆಯದು ಭಯ. ಕೊರೆಯುವ ಯಂತ್ರದ ಸದ್ದು ಕೇಳಿದರೆ ಗಟ್ಟಿ ಮುಟ್ಟಾದ ಗಂಡಸರೂ ಬೆವರುತ್ತಾರೆ. ಆದರೆ ಬೇಗ ಹೋದವರಿಗೆ ಹೆಚ್ಚಾಗಿ ಆ ಯಂತ್ರವೇ ಬೇಡ. ಕೈ ಸಲಕರಣೆಯಿಂದ ಮೆದುವಾದ ಹುಳುಕನ್ನು ಕೆರೆದು ತೆಗೆದು, ಅಂಟುವ ಸಿಮೆಂಟ್ ತುಂಬಿಸುವ ವಿಧಾನವನ್ನು 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ರೂಪಿಸಲಾಯಿತು. ಅದಕ್ಕೆ ವಿದ್ಯುತ್ತೂ ಬೇಡ. 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಜಗತ್ತಿಗೆ ಪರಿಚಯಿಸಿತು. ಇನ್ನೊಂದು ಬೆಳ್ಳಿಯ ಅಂಶವಿರುವ ಫ್ಲೋರೈಡ್ ದ್ರಾವಣ. ಒಂದು ಹನಿ ಹಚ್ಚಿದರೆ ಹುಳುಕು ಮುಂದುವರಿಯುವುದನ್ನು ಎಷ್ಟೋ ಸಲ ತಡೆಯುತ್ತದೆ. ಹುಳುಕಿನ ಜಾಗ ಕಪ್ಪಾಗುತ್ತದೆ ಎಂಬುದು ಮಾತ್ರ ಅದರ ದೋಷ. ಕುರ್ಚಿಯಲ್ಲಿ ಕೂರಲೊಲ್ಲದ ಮಗುವಿಗೆ, ಹಾಸಿಗೆ ಹಿಡಿದ ವೃದ್ಧರಿಗೆ ಇದು ಉಪಕಾರಿ. 2021ರಲ್ಲಿ ಇವೆರಡಕ್ಕೂ ಬೇಕಾದ ವಸ್ತುಗಳು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿದವು.

ಎರಡನೆಯದು ಖರ್ಚು. ಒಂದು ಸಣ್ಣ ಗುಳಿ ತುಂಬಿಸುವ ಖರ್ಚಿನ ಎಷ್ಟೋ ಪಾಲು ಹಣ ರೂಟ್ ಕೆನಾಲಿಗೆ, ಕ್ಯಾಪಿಗೆ ಬೇಕಾಗುತ್ತದೆ. ಹಲ್ಲು ತೆಗೆಸಿದರೆ ಖರ್ಚು ಮುಗಿಯಿತು ಎನ್ನುವಿರಾ? ಖಾಲಿ ಜಾಗದ ಕಡೆಗೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿದು ಬರುತ್ತದೆ, ಅಲ್ಲಿ ಆಹಾರ ಸಿಕ್ಕಿ ಹೊಸ ಹುಳುಕು ಶುರುವಾಗುತ್ತದೆ. ಹಣವಿಲ್ಲದವರೇ ಎಲ್ಲರಿಗಿಂತ ಮೊದಲು ಹೋಗಬೇಕು ಎಂಬುದು ನನ್ನ ವಾದ. ಕಾಸರಗೋಡಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ದಂತ ವಿಭಾಗವಿದೆ. ಪೊಯಿನಾಚಿಯಲ್ಲೂ ಮಂಗಳೂರಿನಲ್ಲೂ ದಂತ ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ನೀಡುವ ಚಿಕಿತ್ಸೆಗೆ ಸಾಮಾನ್ಯವಾಗಿ ಖರ್ಚು ಕಡಿಮೆ. ಸಮಯ ಮಾತ್ರ ಹೆಚ್ಚು ಬೇಕು.

ಮೂರನೆಯದು ದೂರ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಾವು ಎಷ್ಟು ಅಸಹಾಯಕರಾದೆವೆಂದು ಯಾರಿಗೆ ನೆನಪಿಲ್ಲ? ದಂತ ಚಿಕಿತ್ಸಾಲಯಗಳು ಆಗ ತುರ್ತು ಕೆಲಸಕ್ಕೆ ಮಾತ್ರ ಸೀಮಿತವಾಗಿದ್ದವು. ದಾರಿ ತೆರೆದಿರುವಾಗ, ಬಸ್ಸು ಓಡುತ್ತಿರುವಾಗ ಚಿಕ್ಕ ಕೆಲಸವನ್ನು ಮುಗಿಸಿಕೊಳ್ಳುವುದೇ ಗಡಿನಾಡಿನವರಿಗೆ ಜಾಣತನ.

ಮೇಲಿನ ಹಲ್ಲು ತೆಗೆಸಿದರೆ ಕಣ್ಣು ಮಂಜಾಗುತ್ತದೆ, ಗರ್ಭಿಣಿಯರು ಹಲ್ಲಿನ ವೈದ್ಯರಲ್ಲಿಗೆ ಹೋಗಬಾರದು ಎಂಬ ಮಾತುಗಳೂ ಕೇಳಿಬರುತ್ತವೆ. ಎರಡೂ ತಪ್ಪು. ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ. ಗರ್ಭಿಣಿಯರು ಹೋಗಬಹುದು, ಹೋಗಬೇಕು. ತಾನು ಗರ್ಭಿಣಿ ಎಂದು ವೈದ್ಯರಿಗೆ ತಿಳಿಸಿದರೆ ಸಾಕು. ನಡುವಿನ ಮೂರು ತಿಂಗಳು ಇಂಥ ಚಿಕಿತ್ಸೆಗೆ ಹೆಚ್ಚು ಅನುಕೂಲ.

ನಾವು ಮಾಡಬಹುದಾದದ್ದು

ಅಸ್ವಸ್ಥರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾನು ಅನೇಕ ಹಿರಿಯರನ್ನು ಕಾಣುತ್ತೇನೆ. ಅಂಗಳದಲ್ಲಿ ತೆಂಗು, ಹಿತ್ತಲಲ್ಲಿ ತರಕಾರಿ, ಕೊಟ್ಟಿಗೆಯಲ್ಲಿ ಹಸು ಎಲ್ಲವೂ ಇದೆ. ಆದರೆ ಅವರ ಬಟ್ಟಲಲ್ಲಿ ತಿಳಿಗಂಜಿ ಮಾತ್ರ, ಏಕೆಂದರೆ ಅಗಿಯಲು ಹಲ್ಲಿಲ್ಲ. ಮುಪ್ಪಿನಲ್ಲಿ ಹಲ್ಲು ಹೋಗುವುದು ವಿಧಿ ಎಂದು ನಾವು ತಿಳಿದಿದ್ದೇವೆ. ಅವುಗಳಲ್ಲಿ ಎಷ್ಟೋ ಹಲ್ಲುಗಳು ಮುಪ್ಪಿನಿಂದ ಹೋದವಲ್ಲ. ಮೂವತ್ತು, ನಲವತ್ತರ ಪ್ರಾಯದಲ್ಲಿ "ಮತ್ತೆ ನೋಡುವ" ಎಂದು ಬಿಟ್ಟದ್ದರಿಂದ ಹೋದವು. ಅದರಲ್ಲೂ ಮನೆಯ ಹೆಂಗಸರು ತಮ್ಮ ಸರದಿಯನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಗಂಡಂದಿರೇ, ಮಕ್ಕಳೇ, ನೀವೇ ಅವರನ್ನು ಕರೆದೊಯ್ಯಬೇಕು.

ನನ್ನ ಸಲಹೆ ಸರಳ. ತೋಟಕ್ಕೆ ಎರಡು ಸಲ ಮದ್ದು ಬಿಡುವ ನಾವು ಮನೆಮಂದಿಯ ಬಾಯಿಯನ್ನೂ ವರ್ಷಕ್ಕೆ ಎರಡು ಸಲ ತೋರಿಸೋಣ. ಒಂದು, ಮೇ ತಿಂಗಳಲ್ಲಿ, ಮಕ್ಕಳ ಶಾಲೆ ತೆರೆಯುವ ಮೊದಲು. ಇನ್ನೊಂದು, ಮಳೆ ಬಿಟ್ಟ ಮೇಲೆ, ನವೆಂಬರಿನಲ್ಲಿ. ವಾಳೆಯ ಗುರಿಕಾರರು ನಾಲ್ಕೈದು ಮನೆಗಳನ್ನು ಸೇರಿಸಿ ಒಂದು ಜೀಪು ಮಾಡಿದರೆ ಹೋಗಿಬರುವ ಖರ್ಚೂ ಹಂಚಿಹೋಗುತ್ತದೆ.

ಧರ್ಮಶಿಕ್ಷಣದ ಶಿಕ್ಷಕರಲ್ಲೂ ಒಂದು ಬಿನ್ನಹ. ಉತ್ತರ ಹೇಳಿದ ಮಗುವಿಗೆ ಮಿಠಾಯಿ ಕೊಡುವ ನಮ್ಮ ಅಭ್ಯಾಸವನ್ನು ಬಿಡೋಣ. ಒಂದು ಪೆನ್ಸಿಲ್ ಆಗಲಿ, ನಮ್ಮ ತೋಟದ ಒಂದು ಬಾಳೆಹಣ್ಣಾಗಲಿ ಬಹುಮಾನವಾಗಲಾರದೇ? ಸಿಹಿಯನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ಸಿಹಿ ಇರಲಿ, ಊಟದ ಜೊತೆಗೇ ಇರಲಿ. ದಿನವಿಡೀ ಜೇಬಿನಲ್ಲಿ ಬೇಡ.

249ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ವಿಶ್ವಾಸಕ್ಕಾಗಿ ಹಲ್ಲುಗಳನ್ನು ಕಳೆದುಕೊಂಡು ಪ್ರಾಣವನ್ನೂ ಕೊಟ್ಟ ಸಂತ ಅಪೊಲೋನಿಯಾ ಹಲ್ಲುನೋವಿನವರ ಪಾಲಕಿ. ಅವರ ಸ್ಮರಣೆ ಫೆಬ್ರವರಿ 9ರಂದು. ನೋವಿನಲ್ಲಿ ಅವರ ಮಧ್ಯಸ್ಥಿಕೆ ಬೇಡುವುದು ಒಳ್ಳೆಯದೇ. ಆದರೆ ಕೊಳೆರೋಗ ಬಾರದಿರಲಿ ಎಂದು ಪ್ರಾರ್ಥಿಸುವ ರೈತ ಮೈಲುತುತ್ತನ್ನೂ ತರುತ್ತಾನೆ.

ಇಂದು ರಾತ್ರಿ ಊಟವಾದ ಮೇಲೆ, ಟಾರ್ಚ್ ಹಿಡಿದು ಮನೆಯ ಪ್ರತಿಯೊಬ್ಬರ ಬಾಯಿಯನ್ನು ಒಮ್ಮೆ ನೋಡಿ. ಬಿಳಿ ಮಚ್ಚೆ ಅಥವಾ ಕಪ್ಪು ಚುಕ್ಕೆ ಕಂಡರೆ, ನೋವಿಲ್ಲದಿದ್ದರೆ, ಅದೇ ಸರಿಯಾದ ಸಮಯ. ಈ ವಾರವೇ ಹೊರಡಿ.